‘ಕಾಲ್ಡ್ ಆಫ್’ ಅಂದರೆ ಫೋನ್ ಬರುತ್ತೆ ಅಂತಲ್ಲ: ಲೈನ್ ಹುಡುಗರಿಗೆ ಇದನ್ನೆಲ್ಲ ಕಲಿಸಬೇಕಾ?

ವೇಮಗಲ್ ಸೂಪರ್‌ವೈಸರ್:
ಕೋಲಾರದ ಕಡೆ ಕಾರ್ಖಾನೆಗಳಲ್ಲಿ ಇರುವವರು ಸ್ವಲ್ಪ ಹೇಳಿ. ಹೋದ ವಾರ ನಮ್ಮ ಮ್ಯಾನೇಜರ್ ಗ್ರೂಪಿಗೆ ಮೆಸೇಜ್ ಹಾಕಿದರು: ‘ಸ್ಯಾಟರ್‌ಡೇ ಕಸ್ಟಮರ್ ವಿಸಿಟ್ ಈಸ್ ಕಾಲ್ಡ್ ಆಫ್.’ ವಿಸಿಟ್ ರದ್ದಾಗಿದೆ, ಅಷ್ಟೇ ವಿಷಯ. ಕೆಲವು ಹುಡುಗರು ‘ಕಾಲ್’ ನೋಡಿ ಕಸ್ಟಮರ್ ಫೋನ್ ಮಾಡುತ್ತಾರೆ ಅಂದುಕೊಂಡರು. ಇನ್ನು ಕೆಲವರು ಹೊತ್ತು ಮುಂದಕ್ಕೆ ಹೋಗಿದೆ ಅಂದುಕೊಂಡರು. ಅದು ‘ಪುಟ್ ಆಫ್’, ಬೇರೆ. ಶನಿವಾರ ವೀಕ್ ಆಫ್ ಇದ್ದ ನಾಲ್ಕು ಜನ ಶೂ ಪಾಲಿಶ್ ಮಾಡಿಕೊಂಡು, ಇಸ್ತ್ರಿ ಮಾಡಿದ ಯೂನಿಫಾರ್ಮ್ ಹಾಕಿಕೊಂಡು ಮುಳಬಾಗಿಲಿನಿಂದ ಬಂದು ಗೇಟಿನಲ್ಲಿ ನಿಂತಿದ್ದರು. ಈಗ ಎಚ್‌ಆರ್‌ನವರು ಹುಡುಗರಿಗೆ ‘ಫ್ರೇಸಲ್ ವರ್ಬ್ ಕ್ಲಾಸ್’ (‘ಕಾಲ್ ಆಫ್’ ಥರ ಎರಡು ಮೂರು ಪದ ಸೇರಿ ಬೇರೆಯೇ ಅರ್ಥ ಕೊಡುವ ಕ್ರಿಯಾಪದಗಳ ಪಾಠ) ಇಡುತ್ತಾರಂತೆ, ಅದೂ ಶಿಫ್ಟ್ ಮುಗಿದ ಮೇಲೆ. ನನ್ನ ಕೇಳಿದರೆ ಕ್ಲಾಸ್ ಬೇಕಿರುವುದು ಮೆಸೇಜ್ ಹಾಕಿದವರಿಗೆ. ‘ಕ್ಯಾನ್ಸಲ್’ ಅಂತ ಹಾಕಿದ್ದರೆ ಮುಗಿದುಹೋಗುತ್ತಿತ್ತು.

ಮಾಲೂರು ಮೇಷ್ಟ್ರು:
ಕೋಪ ಸರಿ, ತೀರ್ಪು ಅವಸರದ್ದು. ಮಾತಾಡುವ ಇಂಗ್ಲಿಷ್ ಇರುವುದೇ ಹೀಗೆ. ಪುಸ್ತಕದಲ್ಲಿ ‘ಪೋಸ್ಟ್‌ಪೋನ್’, ಬಾಯಲ್ಲಿ ‘ಪುಟ್ ಆಫ್’. ಪುಸ್ತಕದಲ್ಲಿ ‘ಇನ್ವೆಸ್ಟಿಗೇಟ್’, ಬಾಯಲ್ಲಿ ‘ಲುಕ್ ಇನ್‌ಟು’. ನಾವೇನು ಕಮ್ಮಿಯಾ? ಗಾಡಿ ಕೈ ಕೊಟ್ಟಿತು, ಸಾಹುಕಾರ ಕೈ ಬಿಟ್ಟ, ತಮ್ಮ ಆಸ್ತಿಗೆ ಕೈ ಹಾಕಿದ, ಎಲ್ಲರೂ ಕೈ ಎತ್ತಿದರು. ಬಿಹಾರದಿಂದ ಬಂದ ಹುಡುಗ ಇದನ್ನು ಒಂದೊಂದಾಗಿ ಕೇಳಿಯೇ ಕಲಿಯಬೇಕು. ಇಂಗ್ಲಿಷೂ ಹಾಗೆ ಕಲಿಯಲಿ ಬಿಡಿ. ಬರೆಯುವವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ, ಎಲ್ಲರೂ ಎಡವುವ ಜಾಗ: ‘ಟರ್ನ್ ಡೌನ್ ದಿ ಆರ್ಡರ್’ (ಆರ್ಡರ್ ಬೇಡ ಅನ್ನು) ನಡೆಯುತ್ತೆ, ಆದರೆ ‘ಇಟ್’ ಬಂದರೆ ಅದು ನಡುವೆ ಕೂರಬೇಕು, ‘ಟರ್ನ್ ಇಟ್ ಡೌನ್’. ‘ಲುಕ್ ಇನ್‌ಟು’ಗೆ ಮಾತ್ರ ಈ ಆಟ ನಡೆಯಲ್ಲ, ‘ಲುಕ್ ಇನ್‌ಟು ಇಟ್’ ಅಂತಲೇ ಅನ್ನಬೇಕು.

ಬಿ ಶಿಫ್ಟ್:
ಮೇಷ್ಟ್ರೇ, ನಮಸ್ಕಾರ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಲೈನಿನಲ್ಲಿ ಹಿಂದಿ, ಇಮೇಲಿನಲ್ಲಿ ಇಂಗ್ಲಿಷ್. ಶ್ರೀನಿವಾಸಪುರ ಕಡೆಯ ಹುಡುಗನ ದಿನ ಹೀಗೆ ಹೋಗುತ್ತೆ. ರಾತ್ರಿ 10ಕ್ಕೆ ಪಂಚ್ ಮಾಡಿ ಹೊರಗೆ ಬಂದವನಿಗೆ ‘ಇಟ್’ ಎಲ್ಲಿ ಕೂರಬೇಕು ಅಂತ ಯೋಚನೆ ಮಾಡೋ ಶಕ್ತಿ ಇರಲ್ಲ.

ನರಸಾಪುರ ಎಚ್‌ಆರ್:
ನಾನು ಬೇರೆ ಕಂಪನಿಯ ಎಚ್‌ಆರ್, ಬೈಯಬೇಡಿ. ಲೈನ್ ಲೀಡರ್ ಇಂಟರ್‌ವ್ಯೂನಲ್ಲಿ ಒಳ್ಳೆ ಕೆಲಸಗಾರರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ‘ಯಾರು ಟೇಕ್ ಓವರ್ ಮಾಡುತ್ತಾರೆ, ಯಾರು ಫಾಲೋ ಅಪ್ ಮಾಡುತ್ತಾರೆ’ ಅಂದರೆ ಗೊತ್ತು, ಯಾಕೆಂದರೆ ಅದು ಈಗ ಕನ್ನಡವೇ ಆಗಿಹೋಗಿದೆ. ‘ವೈ ಡಿಡ್ ದಿ ಕಸ್ಟಮರ್ ಟರ್ನ್ ಡೌನ್ ದಿಸ್ ಲಾಟ್’ ಅಂದ ಕೂಡಲೇ ಮುಖ ಬಿಳಿಚಿಕೊಳ್ಳುತ್ತೆ. ಆ ಲಾಟ್ ಯಾಕೆ ವಾಪಸ್ ಬಂತು ಅಂತ ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತೆ! ಇನ್ನೊಂದು ಮಜಾ: ನಾವೆಲ್ಲ ‘ಐ ಪಾಸ್ಡ್ ಔಟ್ ಇನ್ 2019’ ಅಂತ ಬರೆಯುತ್ತೇವಲ್ವಾ, ಅದನ್ನು ಅಮೆರಿಕದವನು ಓದಿದರೆ 2019ರಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು ಅಂದುಕೊಳ್ಳುತ್ತಾನೆ. ‘ಗ್ರಾಜುಯೇಟೆಡ್’ ಅಂತ ಹಾಕಿ ಸಾಕು.

ತಾಲ್ಲೂಕು ಕಚೇರಿ ಗುಮಾಸ್ತ:
ನಮ್ಮಲ್ಲಿ ‘ಫೈಲ್ ಪುಟ್ ಅಪ್ ಮಾಡಿ’ ಅಂದರೆ ಸಾಹೇಬರ ಮುಂದೆ ಮಂಡಿಸಿ ಅಂತ. ಹೊರಗೆ ‘ಪುಟ್ ಅಪ್ ವಿತ್’ ಅಂದರೆ ಸಹಿಸಿಕೋ ಅಂತಂತೆ. ನಮ್ಮ ಟೇಬಲ್ಲಿನಲ್ಲಿ ಎರಡೂ ನಡೆಯುತ್ತೆ.

ಚಿಕ್ಕಬಳ್ಳಾಪುರ–ದೇವನಹಳ್ಳಿ ಡೈಲಿ:
ನಾನು ವಿಮಾನದ ಬಿಡಿಭಾಗ ಮಾಡುವ ಕಡೆ ಇದ್ದೇನೆ. ಮೇಷ್ಟ್ರು ಹೇಳಿದ್ದು ಬಾಯಿಮಾತಿಗೆ ಸರಿ, ಕೆಲಸದ ಸೂಚನೆಗೆ ಸರಿಯಲ್ಲ. ವಿಮಾನ ರಿಪೇರಿ ಕೈಪಿಡಿಗಳಿಗೆ ಅಂತಲೇ ಯುರೋಪಿನ ವಿಮಾನ ಉದ್ಯಮದವರು ಸರಳ ಇಂಗ್ಲಿಷ್‌ಗೆ ನಿಯಮ ಮಾಡಿದ್ದಾರೆ. ಮೊದಲ ಪುಸ್ತಕ ಬಂದದ್ದು 1986ರಲ್ಲಿ, ಈಗ ಅದರ ಹೆಸರು ಎಎಸ್‌ಡಿ-ಎಸ್‌ಟಿಇ100. ಒಂದು ಪದಕ್ಕೆ ಒಂದೇ ಅರ್ಥ. ‘ಫಾಲೋ’ ಅಂದರೆ ಹಿಂದೆ ಬರುವುದು ಮಾತ್ರ, ಸೂಚನೆ ಪಾಲಿಸಿ ಅನ್ನುವುದಕ್ಕೆ ‘ಒಬೇ’. ಪದ ಪದ ಸೇರಿಸಿ ಫ್ರೇಸಲ್ ವರ್ಬ್ ಮಾಡಬೇಡಿ ಅಂತಲೂ ಅದರಲ್ಲಿ ನಿಯಮ ಇದೆ. ಯಾಕೆ ಅಂದರೆ ಕೈಪಿಡಿ ಓದಿ ಸ್ಪ್ಯಾನರ್ ಹಿಡಿಯುವವರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ಅಂಥ ಕಡೆಯೇ ಬೇಡ ಅಂದಿರುವುದನ್ನು ವೇಮಗಲ್ ಹುಡುಗನ ತಲೆಗೆ ಯಾಕೆ ತುರುಕಬೇಕು?

ಮಾಲೂರು ಮೇಷ್ಟ್ರು:
ಅದು ಕೈಪಿಡಿಗೆ ಸ್ವಾಮಿ. ಕ್ಯಾಂಟೀನಿನಲ್ಲಿ ಯಾರೂ ನಿಯಮ ನೋಡಿ ಮಾತಾಡಲ್ಲ.

ಬಿ ಶಿಫ್ಟ್:
ಕ್ಯಾಂಟೀನಿನಲ್ಲಿ ತಪ್ಪಾದರೆ ಸಾಂಬಾರ್ ಬದಲು ರಸಂ ಬರುತ್ತೆ. ಲಾಗ್ ಬುಕ್ಕಿನಲ್ಲಿ ತಪ್ಪಾದರೆ ಏನಾಗುತ್ತೆ ಕೇಳಿ. ನಾನು ಮುಂಚೆ ಇದ್ದ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ಶಿಫ್ಟ್ ಬುಕ್ಕಿನಲ್ಲಿ ‘ಫೈರ್ ಅಲಾರಂ ವೆಂಟ್ ಆಫ್, ಪೇಂಟ್ ಬೂತ್’ ಅಂತ ಬರೆದು ಮನೆಗೆ ಹೋದರು. ಅಲಾರಂ ಹೊಡೆದುಕೊಂಡಿತು ಅಂತ ಅರ್ಥ. ರಾತ್ರಿಯವನು ಓದಿದ್ದು ಅಲಾರಂ ಆಫ್ ಆಗಿದೆ ಅಂತ. ಲೈಟ್ ‘ವೆಂಟ್ ಆಫ್’ ಅಂದರೆ ಆರಿಹೋಯಿತು ಅಂತ ತಾನೇ? ಅವನು ಎಲೆಕ್ಟ್ರಿಷಿಯನ್ ಕರೆಸಿ ಪ್ಯಾನೆಲ್ ಬಿಚ್ಚಿಸಿ, ಫ್ಯೂಸ್ ನೋಡಿಸಿ, ‘ಓಕೆ’ ಅಂತ ಸಹಿ ಹಾಕಿದ. ಅಲಾರಂ ಯಾಕೆ ಹೊಡೆದುಕೊಂಡಿತು ಅಂತ ಬೂತ್ ಕಡೆ ತಿರುಗಿ ನೋಡಿದವರೇ ಇಲ್ಲ. ಬೆಳಿಗ್ಗೆ ನೋಡಿದರೆ ಫ್ಯಾನಿನ ಬೆಲ್ಟ್ ಸುಟ್ಟು ಕರಕಲಾಗಿತ್ತು. ಬೈಸಿಕೊಂಡದ್ದು ಓದಿದವನು, ಬರೆದವರಲ್ಲ.

ನರಸಾಪುರ ಎಚ್‌ಆರ್:
ಇದು ನಿಜವಾಗಿ ಗಂಭೀರ. ಹಾಗಾದರೆ ನಾನು ಹೀಗೆ ಹೇಳುತ್ತೇನೆ: ನಾವು ಬರೆಯುವಾಗ ‘ರ್‍ಯಾಂಗ್’ (ಹೊಡೆದುಕೊಂಡಿತು), ‘ಸ್ಟಾಪ್’, ‘ಕ್ಯಾನ್ಸಲ್’ ಅಂತ ಒಂದೇ ಪದ. ಬೋರ್ಡು, ಲಾಗ್ ಬುಕ್, ಗ್ರೂಪ್ ಎಲ್ಲ ಕಡೆ. ಆದರೆ ಕಸ್ಟಮರ್ ಬರೆದದ್ದನ್ನು ನಾವು ತಿದ್ದೋಕೆ ಆಗಲ್ಲ, ಅದು ಅರ್ಥವಾಗಲೇಬೇಕು. ಅದಕ್ಕೆ ಕ್ಲಾಸ್. ನಮ್ಮ ಕಡೆ ಜಪಾನಿನವರ ಜೊತೆಗೂ ವ್ಯವಹಾರ ಇದೆ, ಹೋಂಡಾ 2013ರಲ್ಲಿ ನರಸಾಪುರಕ್ಕೆ ಬಂದದ್ದು ನಿಮಗೆ ಗೊತ್ತೇ ಇದೆ. ಅವರಿಗೂ ಇಂಗ್ಲಿಷ್ ಕಲಿತ ಭಾಷೆಯೇ, ಸರಳವಾಗಿ ಬರೆದರೆ ಅವರಿಗೂ ಒಳ್ಳೆಯದು.

ಮಾಲೂರು ಮೇಷ್ಟ್ರು:
ಓದೋಕೆ ಕಲಿಸಿ, ಬರೆಯೋಕೆ ಒತ್ತಾಯ ಬೇಡ ಅಂತ. ಹೂಂ, ಒಪ್ಪಬಹುದು. ಆದರೆ ಇನ್ನೂರರ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಬೇಡಿ. ನಿಮ್ಮ ಮೇಲ್‌ಗಳನ್ನೇ ತೆಗೆದು ನೋಡಿ, ಬಂದದ್ದೇ ಮತ್ತೆ ಮತ್ತೆ ಬರುತ್ತಿರುತ್ತೆ. ಕ್ಯಾರಿ ಔಟ್, ಹ್ಯಾಂಡ್ ಓವರ್, ಬ್ರೇಕ್ ಡೌನ್, ರನ್ ಔಟ್ ಆಫ್, ಕಾಲ್ ಆಫ್, ಪುಟ್ ಆಫ್. ಅಲ್ಲಿಂದ ಶುರು ಮಾಡಿ. ‘ರನ್ ಔಟ್ ಆಫ್’ ಅಂದರೆ ಸಾಮಾನು ಮುಗಿದುಹೋಗುವುದು, ಹುಡುಗರು ‘ರನ್ ಔಟ್’ ನೋಡಿ ಕ್ರಿಕೆಟ್ ಅಂದುಕೊಳ್ಳುತ್ತಾರೆ, ಅದನ್ನು ಮೊದಲು ಬಿಡಿಸಿ.

ಬಿ ಶಿಫ್ಟ್:
ಕ್ಲಾಸ್ ಶಿಫ್ಟ್ ಒಳಗೇ ಇಟ್ಟರೆ ಎಲ್ಲರೂ ಬರುತ್ತಾರೆ. ಮುಗಿದ ಮೇಲೆ ಇಟ್ಟರೆ ಕಂಪನಿ ಬಸ್ ತಪ್ಪುತ್ತೆ. ಆಮೇಲೆ ಹೈವೇಯಲ್ಲಿ ಟೊಮ್ಯಾಟೊ ಗಾಡಿಗೆ ಕೈ ಅಡ್ಡ ಹಾಕಬೇಕು. ಸೂಪರ್‌ವೈಸರ್ ಅಣ್ಣ, ಇದನ್ನು ಕೇಳಿದ್ರಾ?

ವೇಮಗಲ್ ಸೂಪರ್‌ವೈಸರ್:
ಬೆಳಿಗ್ಗೆನೇ ಕೇಳಿದೆ. ‘ವಿ ವಿಲ್ ಗೆಟ್ ಬ್ಯಾಕ್ ಟು ಯು’ ಅಂತ ಬಂತು.

ಬಿ ಶಿಫ್ಟ್:
ಯಾವತ್ತು ಅಂತ ಕೇಳಬೇಕಿತ್ತು.

ವೇಮಗಲ್ ಸೂಪರ್‌ವೈಸರ್:
ಕೇಳಿದೆ. ನೀಲಿ ಟಿಕ್ ಬಂದಿದೆ.