ಮೇಜಿನ ಮೇಲೆ ಸರಿಯಿರುವ ಪ್ಯಾಡಲ್ ಬಯಲಿನಲ್ಲಿ ತಪ್ಪು ಕಳಿಸುವುದೇಕೆ?

ಪ್ರಶ್ನೆ: ಬಂಡೆಯಮೇಲೆ

ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರಿಗೆಲ್ಲ ನಮಸ್ಕಾರ. ನನ್ನ ಬಳಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಎರಡು ಲಿವರ್‌ಗಳಿರುವ, ಸ್ಪ್ರಿಂಗ್ ಬದಲು ಅಯಸ್ಕಾಂತದ ಬಲದಿಂದ ಸ್ವಸ್ಥಾನಕ್ಕೆ ಮರಳುವ, ಮೋರ್ಸ್ ಸಂಕೇತ ಕಳಿಸುವ ಒಂದು ಪ್ಯಾಡಲ್ ಇದೆ. ಒಂದು ಲಿವರ್ ಒತ್ತಿದರೆ ಡಿಟ್ (ಚುಕ್ಕೆ), ಇನ್ನೊಂದನ್ನು ಒತ್ತಿದರೆ ಡಾ (ಗೆರೆ) ಹೊರಡುತ್ತದೆ. ಮನೆಯ ಮೇಜಿನ ಮೇಲೆ ನಿಮಿಷಕ್ಕೆ 18 ಪದಗಳ ವೇಗದಲ್ಲಿ ಯಾವ ತೊಂದರೆಯೂ ಇಲ್ಲದೆ ಕಳಿಸುತ್ತೇನೆ. ಅದನ್ನೇ ಬ್ಯಾಟರಿಯಿಂದ ನಡೆಯುವ ಚಿಕ್ಕ ಟ್ರಾನ್ಸೀವರ್‌ಗೆ (ಕಳಿಸಲೂ ಕೇಳಲೂ ಆಗುವ ರೇಡಿಯೊ ಸೆಟ್ಟಿಗೆ) ಜೋಡಿಸಿ, ಬಂಡೆಯ ಮೇಲೆ ಕುಳಿತು, ಎಡಗೈಯಲ್ಲಿ ಹಿಡಿದು ಬಲಗೈಯಿಂದ ಒತ್ತತೊಡಗಿದರೆ ಮೂರು ಡಿಟ್‌ಗಳ ‘ಎಸ್’ ಆಗಾಗ ನಾಲ್ಕು ಡಿಟ್‌ಗಳ ‘ಎಚ್’ ಆಗುತ್ತದೆ, ‘ಸಿ’ಯ ಕೊನೆಗೆ ಬೇಡದ ಡಾ ಒಂದು ಅಂಟಿಕೊಳ್ಳುತ್ತದೆ. ಹಗುರವಾಗಿ ಮುಟ್ಟಿದರೂ ಸಾಕಾಗಲೆಂದು ಕಾಂಟ್ಯಾಕ್ಟ್‌ಗಳ ಅಂತರವನ್ನು ಕಣ್ಣಿಗೆ ಕಾಣದಷ್ಟು ಕಿರಿದು ಮಾಡಿ, ಅಯಸ್ಕಾಂತವನ್ನೂ ದೂರ ಸರಿಸಿ ನೋಡಿದೆ. ತಪ್ಪುಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ. ಹೊಸದನ್ನು ಕೊಳ್ಳದೆ ಇದನ್ನೇ ಸರಿಪಡಿಸಬಹುದೇ?

ಉತ್ತರ: ತಿರುಪುಮೊಳೆ

ಹೊಸ ಪ್ಯಾಡಲ್‌ನ ಅಗತ್ಯವಿಲ್ಲ. ತಾವು ತಿರುಪನ್ನು ತಿರುಗಿಸಿದ ದಿಕ್ಕೇ ತಪ್ಪು. ಮೇಜಿನ ಮೇಲೆ ಒತ್ತುವ ಬೆರಳು ಮಾತ್ರ ಚಲಿಸುತ್ತದೆ, ಬಯಲಿನಲ್ಲಿ ಹಿಡಿದ ಕೈಯೂ ಅಲುಗುತ್ತದೆ. ಆದುದರಿಂದ ಕೈಯಲ್ಲಿ ಹಿಡಿಯುವ ಪ್ಯಾಡಲ್‌ಗೆ ಮನೆಯದಕ್ಕಿಂತ ತುಸು ಹೆಚ್ಚಿನ ಅಂತರವೂ ತುಸು ಹೆಚ್ಚಿನ ಬಿಗುವೂ ಬೇಕು. ತಮ್ಮ ವೇಗದಲ್ಲಿ ಒಂದು ಡಿಟ್‌ನ ಅವಧಿ ಸುಮಾರು 67 ಮಿಲಿಸೆಕೆಂಡು. ಬೆರಳು ತೆಗೆದ ಮೇಲೆ ಲಿವರ್ ಸೆಳೆತ ಸಾಲದೆ ತಡವಾಗಿ ಹಿಂದಿರುಗಿದರೂ, ಹಿಂದಿರುಗಿ ಪುಟಿದು ಮತ್ತೆ ತಗುಲಿದರೂ ಕೀಯರ್ (ಲಿವರ್ ಒತ್ತಿದ್ದನ್ನು ಡಿಟ್, ಡಾಗಳಾಗಿ ಮಾಡುವ ಸರ್ಕ್ಯೂಟ್) ಅದನ್ನು ಇನ್ನೊಂದು ಡಿಟ್ ಎಂದೇ ಎಣಿಸಿಬಿಡುತ್ತದೆ.

ಅಂತರವನ್ನು ಮುಟ್ಟುವ ಮೊದಲು ಲಿವರ್‌ನ ತುದಿಯನ್ನು ಉಗುರಿನಿಂದ ಮೇಲಕ್ಕೂ ಕೆಳಕ್ಕೂ ಮೀಟಿ ನೋಡಿ. ಅಲ್ಲಿ ಕುಲುಕಾಟವಿದ್ದರೆ ಉಳಿದ ಹೊಂದಾಣಿಕೆಯೆಲ್ಲ ವ್ಯರ್ಥ. ಕುಲುಕಾಟ ನಿಲ್ಲುವಷ್ಟು, ಆದರೆ ಲಿವರ್ ಸರಾಗವಾಗಿ ತಿರುಗುವಂತೆ, ಬೇರಿಂಗ್‌ನ ತಿರುಪನ್ನು ಬಿಗಿಮಾಡಿ. ಆಮೇಲೆ ಸಾಮಾನ್ಯ ಜೆರಾಕ್ಸ್ ಹಾಳೆಯ ಒಂದು ಪಟ್ಟಿಯನ್ನು ಕಾಂಟ್ಯಾಕ್ಟ್‌ಗಳ ನಡುವೆ ಇಳಿಬಿಟ್ಟು, ಎಳೆದಾಗ ಸ್ವಲ್ಪ ತಡೆದು ಜಾರುವಂತೆ ತಿರುಪನ್ನು ನಿಲ್ಲಿಸಿ. ಅದು ಸುಮಾರು 0.1 ಮಿಲಿಮೀಟರ್ ಅಂತರ. ಹೊಸಬರು ಸೋಲುವುದು ಇದರ ನಂತರದ ಹೆಜ್ಜೆಯಲ್ಲಿ. ಲಾಕ್ ನಟ್ ಬಿಗಿಯುವಾಗ ತಿರುಪೂ ಅದರೊಂದಿಗೆ ಕೂದಲೆಳೆಯಷ್ಟು ತಿರುಗುತ್ತದೆ, ಮಾಡಿದ್ದೆಲ್ಲ ಕೆಡುತ್ತದೆ. ಅಲೆನ್ ಕೀಯಿಂದ ತಿರುಪನ್ನು ಅಲುಗದಂತೆ ಹಿಡಿದುಕೊಂಡೇ ನಟ್ ಬಿಗಿದು, ಹಾಳೆಯಿಂದ ಮತ್ತೊಮ್ಮೆ ಪರೀಕ್ಷಿಸಿ. ಬಿಗುವನ್ನು ಹೊಂದಿಸುವುದು ಕೊನೆಗೆ, ಏಕೆಂದರೆ ಅಯಸ್ಕಾಂತದ ಬಲ ದೂರ ಹೆಚ್ಚಿದಂತೆ ಥಟ್ಟನೆ ಇಳಿಯುವುದರಿಂದ ಅಂತರವನ್ನು ಬದಲಿಸಿದರೆ ಬಿಗುವೂ ಬದಲಾಗುವ ಸಂಭವವಿದೆ.

ಕಾಂಟ್ಯಾಕ್ಟ್‌ಗಳನ್ನು ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋಗಿಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಕಾಗದದ ಪಟ್ಟಿಯನ್ನು ನಡುವೆ ಇಟ್ಟು, ಲಿವರನ್ನು ಮೆಲ್ಲಗೆ ಒತ್ತಿ ಹಿಡಿದು ಎಳೆದರೆ ಸಾಕು.

ಉತ್ತರ: ಡಿಟ್‌ಡಾ

ತಿರುಪುಮೊಳೆಯವರ ಮಾತು ‘ಎಸ್’ನ ಮಟ್ಟಿಗೆ ಸರಿ. ‘ಸಿ’ಯ ತಪ್ಪಿಗೆ ಪ್ಯಾಡಲ್ ಕಾರಣವಲ್ಲವೆಂದು ನನಗೆ ಅನ್ನಿಸುತ್ತದೆ. ‘ಎಸ್’ ಕಳಿಸಲು ಒಂದೇ ಲಿವರ್ ಸಾಕು. ‘ಸಿ’ (ಡಾ-ಡಿಟ್-ಡಾ-ಡಿಟ್) ಕಳಿಸುವಾಗ ತಾವು ಬಹುಶಃ ಎರಡನ್ನೂ ಒಟ್ಟಿಗೆ ಹಿಸುಕುತ್ತೀರಿ. ಕೀಯರ್ ‘ಎ’ ಮೋಡ್‌ನಲ್ಲಿದ್ದರೆ, ಬೆರಳು ಬಿಟ್ಟಾಗ ನಡೆಯುತ್ತಿರುವ ಡಿಟ್ ಅಥವಾ ಡಾ ಮುಗಿದು ನಿಲ್ಲುತ್ತದೆ. ‘ಬಿ’ ಮೋಡ್‌ನಲ್ಲಿ ಅದು ಮುಗಿದ ಮೇಲೆ ಅದಕ್ಕೆ ವಿರುದ್ಧವಾದದ್ದು ಇನ್ನೊಂದು ಹೊರಡುತ್ತದೆ. ‘ಎ’ಗೆ ಒಗ್ಗಿದ ಕೈ ‘ಬಿ’ಯಲ್ಲಿ ಕಳಿಸಿದರೆ ‘ಸಿ’ಯ ಕೊನೆಯ ಡಿಟ್‌ನ ಬೆನ್ನಿಗೇ ಡಾ ಬರುವುದು ಸಹಜ. ಮನೆಯ ಸೆಟ್ಟೂ ಚಿಕ್ಕ ಸೆಟ್ಟೂ ಒಂದೇ ಮೋಡ್‌ನಲ್ಲಿವೆಯೇ ಎಂದು ಮೆನುವಿನಲ್ಲಿ ನೋಡಿ. ಅಂದಹಾಗೆ, ಡಾ-ಡಿಟ್-ಡಾ-ಡಿಟ್-ಡಾ ಎಂಬುದು ಸಂದೇಶದ ಆರಂಭವನ್ನು ಸೂಚಿಸುವ ಸಂಜ್ಞೆ. ಯಾರಾದರೂ ಉತ್ತರಿಸಿ ಎಂದು ಕರೆಯುವ ತಮ್ಮ ‘ಸಿಕ್ಯೂ’ ಕೇಳಿದವರು ಏನೋ ದೊಡ್ಡ ಸಂದೇಶ ಬರಲಿದೆಯೆಂದು ಪೆನ್ನು ಹಿಡಿದು ಕಾದಿರಲೂಬಹುದು.

ಉತ್ತರ: ಉದ್ದತಂತಿ

ಇನ್ನೊಂದು ಪರೀಕ್ಷೆಯನ್ನೂ ಮಾಡಿ. ಪ್ರಸಾರವನ್ನು ನಿಲ್ಲಿಸಿ ಸೈಡ್‌ಟೋನ್ (ತಾವು ಕಳಿಸುವುದನ್ನು ತಮಗೇ ಕೇಳಿಸುವ ಸೆಟ್ಟಿನ ದನಿ) ಮಾತ್ರ ಕೇಳುತ್ತಾ ‘ಎಸ್’ಗಳ ಸಾಲನ್ನೇ ಕಳಿಸಿ. ಆಗ ಎಲ್ಲವೂ ಸರಿಯಿದ್ದು, ಆಂಟೆನಾಗೆ ಪವರ್ ಹೋಗುವಾಗ ಮಾತ್ರ ಕೆಟ್ಟರೆ, ಆರ್‌ಎಫ್ (ಸೆಟ್ಟು ಹೊರಸೂಸುವ ರೇಡಿಯೊ ಶಕ್ತಿ) ಪ್ಯಾಡಲ್‌ನ ಕೇಬಲ್ ಹಿಡಿದು ಕೀಯರ್‌ನೊಳಗೆ ನುಗ್ಗುತ್ತಿದೆ ಎಂದರ್ಥ. ತಂತಿಯ ಒಂದು ತುದಿಯಿಂದಲೇ ಪವರ್ ಕೊಡುವ ಆಂಟೆನಾಗಳಲ್ಲಿ ಸೆಟ್ಟು ಆ ತುದಿಯ ಹತ್ತಿರವೇ ಇರುವುದರಿಂದ ಇದು ಅಪರೂಪವೇನಲ್ಲ. ಕೇಬಲನ್ನು ಗಿಡ್ಡಮಾಡಿ, ಆರ್‌ಎಫ್ ತಡೆಯುವ ಫೆರೈಟ್ ಕೋರ್‌ನಲ್ಲಿ ಕೆಲವು ಸುತ್ತು ಸುತ್ತಿದರೆ ಸಾಮಾನ್ಯವಾಗಿ ನಿಲ್ಲುತ್ತದೆ.

ಬಂಡೆಯಮೇಲೆ

ಮೂವರಿಗೂ ಧನ್ಯವಾದಗಳು. ಮನೆಯ ಸೆಟ್ಟು ‘ಎ’ಯಲ್ಲಿಯೂ ಚಿಕ್ಕದು ‘ಬಿ’ಯಲ್ಲಿಯೂ ಇದ್ದುದು ನಿಜ, ಬದಲಿಸಿದ ಕೂಡಲೇ ‘ಸಿ’ಯ ಬಾಲ ಕಳಚಿತು. ಪ್ರಸಾರವಿಲ್ಲದೆಯೂ ‘ಎಸ್’ ಕೆಡುತ್ತಿದ್ದುದರಿಂದ ಆರ್‌ಎಫ್ ಕಾರಣವಲ್ಲವೆಂದು ಖಚಿತವಾಯಿತು. ಡಿಟ್ ಕಡೆಯ ಲಿವರ್ ಉಗುರಿಗೆ ಸ್ಪಷ್ಟವಾಗಿ ಕುಲುಕುತ್ತಿತ್ತು. ಅದನ್ನು ಬಿಗಿದು, ಹೆಬ್ಬೆರಳಿನ ಕಡೆ ಒಂದು ಹಾಳೆಯ ಅಂತರ, ತೋರುಬೆರಳಿನ ಕಡೆ ಎರಡು ಹಾಳೆಯ ಅಂತರವಿಟ್ಟಿದ್ದೇನೆ. ಪ್ಯಾಡಲನ್ನು ಕೈಯಲ್ಲಿ ಹಿಡಿಯುವುದನ್ನೂ ಬಿಟ್ಟು, ಪಟ್ಟಿಯಿಂದ ತೊಡೆಗೆ ಕಟ್ಟಿಕೊಂಡ ಉಕ್ಕಿನ ತಗಡಿನ ಮೇಲೆ ಅಯಸ್ಕಾಂತದಿಂದ ಕೂರಿಸಿದ್ದೇನೆ. ನಿನ್ನೆ ಬೆಟ್ಟದ ಮೇಲೆ ಒಂದು ಗಂಟೆ ಕಳಿಸಿದಾಗ ‘ಎಚ್’ ಆದದ್ದು ಒಂದೇ ಸಲ, ಅದೂ ಬೆರಳುಗಳು ಚಳಿಗೆ ಮರಗಟ್ಟಿದ ಮೇಲೆ.