ಸಹಾಯ ಬೇಕು: ಸೋದರಿ ಕ್ರೊಮ್ಯಾಟಿಡ್‌ಗಳ ಗೊಂದಲ
ನಮಸ್ಕಾರ. ಮಡಿಕೇರಿಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ಮಳೆಗೆ ಕಾಲೇಜಿಗೆ ರಜೆ, ಕೇಳಲು ಉಪನ್ಯಾಸಕರು ಸಿಗುತ್ತಿಲ್ಲ.

ಸಮಜಾತ ವರ್ಣತಂತುಗಳಲ್ಲಿ, ಅಂದರೆ ಜೀನ್‌ಗಳನ್ನು ಹೊತ್ತ ಕ್ರೋಮೋಸೋಮ್‌ಗಳ ಜೋಡಿಯಲ್ಲಿ, ಒಂದು ತಾಯಿಯದು, ಇನ್ನೊಂದು ತಂದೆಯದು. ಸೋದರಿ ಕ್ರೊಮ್ಯಾಟಿಡ್‌ಗಳು ಒಂದೇ ವರ್ಣತಂತುವಿನ ನಕಲುಗಳು. ಇಷ್ಟು ಸ್ಪಷ್ಟ. ನಮ್ಮ ತೋಟದ ರೊಬಸ್ಟಾ ಕಾಫಿಗೆ 22 ವರ್ಣತಂತುಗಳಲ್ಲವೇ, ಅದನ್ನೇ ಕೆಂಪು, ನೀಲಿ ಉಣ್ಣೆದಾರಗಳಿಂದ ಮಾಡಿ ನೋಡಿದೆ. ಮಿಯಾಸಿಸ್‌ನ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಕೋಶವಿಭಜನೆ) ಮೊದಲ ವಿಭಜನೆಯಲ್ಲಿ ಜೋಡಿಗಳು ಬೇರೆಯಾಗಿ ಪ್ರತಿ ಕೋಶಕ್ಕೆ 11 ಬಂದವು, ಎರಡನೆಯದರಲ್ಲಿ ಸೋದರಿಗಳು ಬೇರೆಯಾದವು. ಸರಿಯಾಗಿಯೇ ಬಂತು!

ಆದರೆ ಅದಕ್ಕೂ ಮೊದಲೇ, ಕ್ರಾಸಿಂಗ್ ಓವರ್‌ನಲ್ಲಿ (ಜೋಡಿಯ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವಾಗ) ಕೆಂಪು ದಾರವೊಂದರ ತುದಿಗೆ ನೀಲಿ ತುಂಡು ಸೇರಿಬಿಟ್ಟಿತು. ಈಗ ಒಂದೇ ಸೆಂಟ್ರೋಮಿಯರ್‌ಗೆ (ಎರಡು ಕ್ರೊಮ್ಯಾಟಿಡ್‌ಗಳು ಕೂಡಿಕೊಂಡಿರುವ ಜಾಗ) ಅಂಟಿದ ಎರಡು ಎಳೆಗಳು ಒಂದೇ ತರಹ ಇಲ್ಲ. ಎರಡು ದಿನದಿಂದ ಇಲ್ಲೇ ನಿಂತಿದ್ದೇನೆ.

ಇವನ್ನು ಇನ್ನೂ ಸೋದರಿಗಳೆಂದೇ ಕರೆಯಬೇಕೇ? ಸೋದರಿ ಎನ್ನುವುದನ್ನು ನಿರ್ಧರಿಸುವುದು ಸೆಂಟ್ರೋಮಿಯರೋ, ಜೀನ್‌ಗಳ ಹೋಲಿಕೆಯೋ?