ಹ್ಯಾಶ್‌ಮ್ಯಾಪ್‌ಗೆ ನಮ್ಮದೇ ಕ್ಲಾಸ್ ಕೀ: ಹಾಕಿದ್ದು ಯಾಕೆ ಸಿಗುತ್ತಿಲ್ಲ?

ಪ್ರಶ್ನೆ (ಪುಣೆ, ಹಿಂಜವಡಿ): ಮುಂಬೈ ಲೋಕಲ್ ರೈಲಿನ ದರಪಟ್ಟಿಗೆ ಜಾವಾದಲ್ಲಿ ಹ್ಯಾಶ್‌ಮ್ಯಾಪ್ (ಕೀ ಕೊಟ್ಟರೆ ಅದರ ಮೌಲ್ಯ ಕೊಡುವ ಪಟ್ಟಿ) ಮಾಡುತ್ತಿದ್ದೇನೆ. ಕೀ ಆಗಿ ‘ಪಯಣ’ ಎಂಬ ಕ್ಲಾಸ್. ಅದರಲ್ಲಿ ಹತ್ತುವ ನಿಲ್ದಾಣ, ಇಳಿಯುವ ನಿಲ್ದಾಣ ಎರಡೇ ಫೀಲ್ಡ್. ದಾದರ್–ಠಾಣೆ ಪುಟ್ ಮಾಡಿ, ಅದೇ ಹೆಸರುಗಳಿಂದ ಇನ್ನೊಂದು ಆಬ್ಜೆಕ್ಟ್ ಮಾಡಿ ಗೆಟ್ ಮಾಡಿದರೆ ನಲ್ (ಏನೂ ಇಲ್ಲ) ಬರುತ್ತದೆ. ಸೈಜ್ ಮಾತ್ರ 1 ತೋರಿಸುತ್ತದೆ. ಎರಡು ಆಬ್ಜೆಕ್ಟ್ ಸಮವೇ ಎಂದು ನೋಡುವ ಈಕ್ವಲ್ಸ್ ಮೆಥಡ್ ಬರೆದಿದ್ದೇನೆ. ಇನ್ನೇನು ಬೇಕು? ತಿಳಿದವರು ದಯವಿಟ್ಟು ಹೇಳಿ.

ಠಾಣೆಯಿಂದ: ಹ್ಯಾಶ್‌ಕೋಡ್ (ಆಬ್ಜೆಕ್ಟ್‌ಗೆ ಒಂದು ಸಂಖ್ಯೆ ಕೊಡುವ ಮೆಥಡ್) ಬರೆದಿಲ್ಲ ಅನಿಸುತ್ತದೆ ಸರ್. ಮ್ಯಾಪ್ ಮೊದಲು ಹೋಗುವುದು ಈಕ್ವಲ್ಸ್ ಹತ್ತಿರ ಅಲ್ಲ. ಕೀಯ ಹ್ಯಾಶ್‌ಕೋಡ್ ತೆಗೆದುಕೊಂಡು, ಮೇಲಿನ 16 ಬಿಟ್‌ಗಳನ್ನು ಕೆಳಗಿನ 16ರ ಜೊತೆ ಎಕ್ಸಾರ್ ಮಾಡಿ (ಬಿಟ್ ಬೇರೆ ಇದ್ದಲ್ಲಿ 1, ಒಂದೇ ಇದ್ದಲ್ಲಿ 0), ಯಾವ ಬಕೆಟ್ (ಎಂಟ್ರಿಗಳನ್ನು ಇಡುವ ಖಾನೆ) ಎಂದು ಗೊತ್ತುಮಾಡುತ್ತದೆ. ಆ ಬಕೆಟ್ಟಿನಲ್ಲಿ ಹ್ಯಾಶ್ ಹೊಂದಿದ ಎಂಟ್ರಿಗೆ ಮಾತ್ರ ಈಕ್ವಲ್ಸ್ ಕರೆಯುತ್ತದೆ. ನೀವು ಬರೆಯದೆ ಬಿಟ್ಟರೆ ಆಬ್ಜೆಕ್ಟ್ ಕ್ಲಾಸಿನದೇ ಹ್ಯಾಶ್‌ಕೋಡ್ ಓಡುತ್ತದೆ. ಅದಕ್ಕೆ ನಿಮ್ಮ ಫೀಲ್ಡ್‌ಗಳ ಗೊಡವೆಯೇ ಇಲ್ಲ, ಹಾಗಾಗಿ ಎರಡು ದಾದರ್–ಠಾಣೆಗಳಿಗೆ ಎರಡು ಬೇರೆ ಸಂಖ್ಯೆ. ನಿಯಮ ಇಷ್ಟು: ಈಕ್ವಲ್ಸ್ ಸಮ ಅಂದರೆ ಹ್ಯಾಶ್‌ಕೋಡ್ ಸಮ ಇರಲೇಬೇಕು. ತಿರುಗಿಸಿ ಹೇಳಿದರೆ ಅದು ಕಡ್ಡಾಯವಲ್ಲ.

ಈಕ್ವಲ್ಸ್‌ನ ಪ್ಯಾರಾಮೀಟರ್ ಟೈಪ್ ಕೂಡ ನೋಡಿ. ‘ಆಬ್ಜೆಕ್ಟ್’ ಇರಬೇಕು. ‘ಪಯಣ’ ಎಂದಿದ್ದರೆ ಅದು ಓವರ್‌ಲೋಡ್ (ಅದೇ ಹೆಸರಿನ ಬೇರೆ ಮೆಥಡ್), ಮ್ಯಾಪ್ ಅದನ್ನು ಕರೆಯುವುದೇ ಇಲ್ಲ. ಓವರ್‌ರೈಡ್ ಅನೊಟೇಶನ್ ಹಾಕಿ, ಕಂಪೈಲರ್ ಅಲ್ಲೇ ಹಿಡಿಯುತ್ತದೆ.

ಪುಣೆ, ಕೋಥ್ರೂಡ್‌ನಿಂದ: ಜಾವಾ 16 ಅಥವಾ ನಂತರದ್ದಾದರೆ ‘ಪಯಣ’ವನ್ನು ರೆಕಾರ್ಡ್ (ಡೇಟಾ ಇಡಲೆಂದೇ ಇರುವ ಚುಟುಕು ಕ್ಲಾಸ್) ಮಾಡಿಬಿಡಿ. ಎರಡೂ ಮೆಥಡ್ ತಾನಾಗಿಯೇ ಬರುತ್ತವೆ, ಫೀಲ್ಡ್‌ಗಳೂ ಫೈನಲ್ (ಮತ್ತೆ ಬದಲಿಸಲಾಗದು). ಒಳಗೆ ಅರೇ ಇಡಬೇಡಿ. ಅರೇಯ ಈಕ್ವಲ್ಸ್ ಒಳಗಿನ ಅಂಶಗಳನ್ನು ನೋಡುವುದಿಲ್ಲ. ಪಟ್ಟಿ ಬೇಕಿದ್ದರೆ ಲಿಸ್ಟ್‌ನ ಕಾಪಿಆಫ್ ಬಳಸಿ.

ಅಂಧೇರಿಯಿಂದ: ಕೋಡ್ ಬರೆಯುವ ಮೊದಲೇ ಒಂದು ತೀರ್ಮಾನ ಮಾಡಿಕೊಳ್ಳಿ. ದಾದರ್–ಠಾಣೆ, ಠಾಣೆ–ದಾದರ್ ನಿಮಗೆ ಒಂದೇ ಕೀಯೋ, ಎರಡೋ? ಒಂದೇ ಆದರೆ ಕನ್‌ಸ್ಟ್ರಕ್ಟರ್‌ನಲ್ಲೇ ಕಂಪೇರ್‌ಟು ಹಾಕಿ ಚಿಕ್ಕದನ್ನು ಮೊದಲ ಫೀಲ್ಡ್‌ಗೆ ಹಾಕಿ. ಆಮೇಲೆ ಮಾಮೂಲಿ ಈಕ್ವಲ್ಸ್ ಸಾಕು. ಎರಡು ಆದರೆ ಹ್ಯಾಶ್ ಅನ್ನು ‘31 × ಮೊದಲನೆಯದು + ಎರಡನೆಯದು’ ಎಂದು ಮಾಡಿ. ಬರೀ ಎಕ್ಸಾರ್ ಮಾಡಿದರೆ ಹೋಗುವ, ಬರುವ ಜೋಡಿಗಳೆಲ್ಲ ಒಂದೇ ಸಂಖ್ಯೆಗೆ ಬೀಳುತ್ತವೆ. ಎರಡೂ ಫೀಲ್ಡ್ ಒಂದೇ ಆದಾಗ ಹ್ಯಾಶ್ ಯಾವಾಗಲೂ 0. ಇದರಿಂದ ಉತ್ತರ ತಪ್ಪಾಗುವುದಿಲ್ಲ, ಮ್ಯಾಪ್ ನಿಧಾನವಾಗುತ್ತದೆ. ಜಾವಾ 8ರಿಂದ ಒಂದು ಬಕೆಟ್ಟಿನಲ್ಲಿ ಎಂಟ್ರಿಗಳು 8 ದಾಟಿದ ಮೇಲೆ, ಟೇಬಲ್‌ನಲ್ಲಿ ಕನಿಷ್ಠ 64 ಬಕೆಟ್ ಇದ್ದರೆ, ಎಂಟ್ರಿಗಳ ಸಾಲು ಹೋಗಿ ರೆಡ್-ಬ್ಲ್ಯಾಕ್ ಟ್ರೀ (ಬೇಗ ಹುಡುಕಬಹುದಾದ ಮರದಂಥ ರಚನೆ) ಆಗುತ್ತದೆ. ಕೀ ಕಂಪೇರಬಲ್ (ಹೋಲಿಸಿ ಕ್ರಮದಲ್ಲಿ ಇಡಬಹುದಾದದ್ದು) ಆಗಿದ್ದರೆ ಆ ಟ್ರೀಯಲ್ಲಿ ಹುಡುಕಾಟ ಇನ್ನೂ ಚುರುಕು.

ಮಡಗಾಂವ್‌ನಿಂದ: ಸೆಟರ್ (ಫೀಲ್ಡ್ ಬದಲಿಸುವ ಮೆಥಡ್) ಇದ್ದರೆ ಇವತ್ತೇ ತೆಗೆಯಿರಿ. ಎಲ್ಲಕ್ಕಿಂತ ಕೆಟ್ಟ ಬಗ್ ಅಲ್ಲಿಂದಲೇ ಬರುತ್ತದೆ. ದಾದರ್–ಠಾಣೆ ಮ್ಯಾಪ್‌ನೊಳಗೆ ಇರುವಾಗಲೇ ಯಾರೋ ಠಾಣೆಯನ್ನು ಕಲ್ಯಾಣ್ ಮಾಡಿದರು ಅನ್ನಿ. ದಾದರ್–ಕಲ್ಯಾಣ್ ಕೇಳಿದರೆ ಹೊಸ ಹ್ಯಾಶ್, ಎಂಟ್ರಿಯಲ್ಲಿ ಬರೆದಿಟ್ಟದ್ದು ಹಳೆಯ ಹ್ಯಾಶ್, ನಲ್. ದಾದರ್–ಠಾಣೆ ಕೇಳಿದರೆ ಬಕೆಟ್ ಸರಿ, ಹ್ಯಾಶ್ ಸರಿ, ಆದರೆ ಈಕ್ವಲ್ಸ್ ಕಲ್ಯಾಣ್ ನೋಡಿ ಇಲ್ಲ ಅನ್ನುತ್ತದೆ, ಮತ್ತೆ ನಲ್. ಅದೇ ಆಬ್ಜೆಕ್ಟ್ ಕೊಟ್ಟು ರಿಮೂವ್ ಮಾಡಿದರೂ ಹೋಗುವುದಿಲ್ಲ. ಲೂಪ್ ಹಾಕಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ, ಮೆಮೊರಿಯಲ್ಲಿ ಹಾಗೇ ಕೂತಿರುತ್ತದೆ. ಟೇಬಲ್ ದೊಡ್ಡದಾದಾಗ ಸರಿಹೋಗಬಹುದು ಎಂದುಕೊಳ್ಳಬೇಡಿ. ರೀಸೈಜ್ ಕೂಡ ಬರೆದಿಟ್ಟ ಹ್ಯಾಶ್ ಅನ್ನೇ ಬಳಸುತ್ತದೆ. ಹೊಸ ಹ್ಯಾಶ್‌ಮ್ಯಾಪ್‌ಗೆ ಎಲ್ಲವನ್ನೂ ಮತ್ತೆ ಹಾಕಿದರೆ ಹೊಸದಾಗಿ ಲೆಕ್ಕವಾಗುತ್ತದೆ.

ಡೊಂಬಿವಲಿಯಿಂದ: ನಿಲ್ದಾಣದ ಹೆಸರು ಕನ್ನಡದಲ್ಲಿದ್ದರೆ ಇದನ್ನೂ ಗಮನಿಸಿ. ‘ಬೋರಿವಲಿ’ಯ ಓತ್ವ ಒಂದೇ ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಒಂದು ಚಿಹ್ನೆಯ ಸಂಖ್ಯೆ) ಆಗಿರಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇರಬಹುದು. ತೆರೆಯ ಮೇಲೆ ಒಂದೇ ಥರ ಕಂಡರೂ ಸ್ಟ್ರಿಂಗ್‌ಗಳು ಬೇರೆ. ಜಾವಾದ ನಾರ್ಮಲೈಸರ್‌ನಲ್ಲಿ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಕೂಡಿಸುವ ಯೂನಿಕೋಡ್ ರೂಪ) ಮಾಡಿದರೆ ಇದು ಸರಿಯಾಗುತ್ತದೆ. ‘ದಾದರ್’ ಕೊನೆಯಲ್ಲಿ ಕೆಲವು ಕೀಬೋರ್ಡ್‌ಗಳು ಕಾಣದ ಝಡ್‌ಡಬ್ಲ್ಯುಎನ್‌ಜೆ (ಅಕ್ಷರಗಳು ಕೂಡದಂತೆ ತಡೆಯುವ ಚಿಹ್ನೆ) ಬಿಡುತ್ತವೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ, ಕೀಯಿಂದ ನೀವೇ ರೀಪ್ಲೇಸ್ ಮಾಡಿ ತೆಗೆಯಬೇಕು. ಕೀಗೆ ಹೆಸರಿನ ಬದಲು ರೈಲ್ವೆ ಕೋಡ್ ಇಡುವುದೇ ಲೇಸು. ಆದರೆ ದಾದರ್‌ಗೆ ಎರಡು ಕೋಡ್ ಇವೆ: ಪಶ್ಚಿಮ ರೈಲ್ವೆಯದು ಡಿಡಿಆರ್, ಮಧ್ಯ ರೈಲ್ವೆಯದು ಡಿಆರ್. ಎರಡೂ ನಿಮಗೆ ಒಂದೇನಾ ಎಂಬುದನ್ನೂ ಮೊದಲೇ ಗಟ್ಟಿಮಾಡಿ.

ಹಿಂಜವಡಿಯಿಂದ ಮತ್ತೆ: ಹ್ಯಾಶ್‌ಕೋಡ್ ಇರಲೇ ಇಲ್ಲ, ಸೇರಿಸಿದೆ, ಸಿಗುತ್ತಿದೆ. ಎಲ್ಲರಿಗೂ ಧನ್ಯವಾದ. ಇದೇ ಕೆಲಸ ಪೈಥಾನ್‌ನಲ್ಲೂ ಬೇಕಾಗಿದೆ. ಯೂನಿಟ್ ಟೆಸ್ಟ್ ಮಾತ್ರ ಮೊದಲಿನಿಂದಲೂ ಪಾಸ್ ಆಗುತ್ತಿತ್ತು, ಯಾಕೆ?

ಠಾಣೆಯಿಂದ: ಪೈಥಾನ್‌ನಲ್ಲಿ ಬರೀ ಡಂಡರ್ ಈಕ್ (ಅಲ್ಲಿನ ಈಕ್ವಲ್ಸ್) ಬರೆದರೆ ಡಂಡರ್ ಹ್ಯಾಶ್ (ಅಲ್ಲಿನ ಹ್ಯಾಶ್‌ಕೋಡ್) ತಾನಾಗಿ ‘ನನ್’ (ಏನೂ ಇಲ್ಲ) ಆಗುತ್ತದೆ, ಡಿಕ್ಟ್‌ಗೆ (ಅಲ್ಲಿನ ಹ್ಯಾಶ್‌ಮ್ಯಾಪ್‌ಗೆ) ಹಾಕಿದ ತಕ್ಷಣ ‘ಅನ್‌ಹ್ಯಾಶಬಲ್ ಟೈಪ್’ ಎಂದು ಟೈಪ್‌ಎರರ್ ಬರುತ್ತದೆ. ಫ್ರೋಜನ್ ಟ್ರೂ (ಫೀಲ್ಡ್ ಬದಲಾಗದಂತೆ) ಕೊಟ್ಟ ಡೇಟಾಕ್ಲಾಸ್ ಮಾಡಿ, ಎರಡೂ ಸಿಗುತ್ತವೆ. ಇನ್ನು ಟೆಸ್ಟ್: ಪುಟ್ ಮಾಡಿದ ವೇರಿಯಬಲ್‌ನಿಂದಲೇ ಗೆಟ್ ಮಾಡಿರಬೇಕು. ಆಬ್ಜೆಕ್ಟ್ ಒಂದೇ ಆದ್ದರಿಂದ ಹ್ಯಾಶ್ ಒಂದೇ, ರೆಫರೆನ್ಸೂ ಒಂದೇ. ಈಕ್ವಲ್ಸ್‌ವರೆಗೆ ಹೋಗುವುದೇ ಇಲ್ಲ. ಟೆಸ್ಟ್‌ನಲ್ಲಿ ನ್ಯೂ ಎರಡು ಸಲ ಬರಲಿ: ಹಾಕಲು ಒಂದು, ಹುಡುಕಲು ಇನ್ನೊಂದು.